ನೂರೈವತ್ತು ವರ್ಷದ ಕುರ್ಚಿ

ಮೊದಲು ಬೀಜಿಂಗಿನ ಆ ಮೈಕಿಗೆ ಒಂದು ದೊಡ್ಡ ನಮಸ್ಕಾರ. ನಮ್ಮೂರ ಗಣೇಶನ ಪೆಂಡಾಲಿನಲ್ಲಿ ಮೈಕ್ ಆನ್ ಮಾಡಿದರೆ ಕುಂಯ್ ಅಂತ ಕಿರುಚುತ್ತದೆಯೇ ಹೊರತು ಭಾಷಣ ಕೇಳಿಸುವುದಿಲ್ಲ. ಅಲ್ಲಿ ನೋಡಿ, ಯಾರೂ ಕೇಳಬಾರದು ಅಂದುಕೊಂಡ ಮಾತನ್ನೇ ಅದು ಎಷ್ಟು ಸ್ಪಷ್ಟವಾಗಿ ಕೇಳಿಸಿತು! 2025ರ ಸೆಪ್ಟೆಂಬರ್ 3ರಂದು ಮಿಲಿಟರಿ ಪರೇಡಿಗೆ ನಡೆದು ಹೋಗುತ್ತಾ ಪುಟಿನ್ ಮತ್ತು ಷಿ ಜಿನ್‌ಪಿಂಗ್ ಆಡಿದ ಮಾತು ನೀವೂ ಕೇಳಿರುತ್ತೀರಿ. ಅಂಗಾಂಗ ಬದಲಿಸುತ್ತಾ ಹೋದರೆ ವಯಸ್ಸಾದಷ್ಟೂ ಎಳೆಯವರಾಗಬಹುದು, ಸಾವೇ ಬರದಿರಲೂಬಹುದು ಅಂತ ಒಬ್ಬರು. ಈ ಶತಮಾನದಲ್ಲೇ ಮನುಷ್ಯ ನೂರೈವತ್ತು ವರ್ಷ ಬದುಕಬಹುದಂತೆ ಅಂತ ಇನ್ನೊಬ್ಬರು. ಜೊತೆಯಲ್ಲಿ ಉತ್ತರ ಕೊರಿಯಾದ ಕಿಮ್ ಜಾಂಗ್ ಉನ್.

ಇಬ್ಬರಿಗೂ ಆಗ ಎಪ್ಪತ್ತೆರಡು. ಆ ವಯಸ್ಸಿನಲ್ಲಿ ನಮ್ಮ ಕಡೆಯವರು ಪಾರ್ಕಿನ ಬೆಂಚಿನ ಮೇಲೆ ಕೂತು, ಮಂಡಿನೋವಿಗೆ ಯಾವ ಎಣ್ಣೆ ಒಳ್ಳೆಯದು ಅಂತ ಚರ್ಚೆ ಮಾಡುತ್ತಾರೆ. ಇವರದು ಎಣ್ಣೆಯ ಮಾತಲ್ಲ, ಪೂರ್ತಿ ಸ್ಪೇರ್ ಪಾರ್ಟ್ಸ್ ಮಾತು. ನನಗೆ ಅಪ್ಪನ ಹಳೇ ಸ್ಕೂಟರ್ ನೆನಪಾಯಿತು. ಪಿಸ್ಟನ್ ಬದಲಾಯಿತು, ಕ್ಲಚ್ ಪ್ಲೇಟ್ ಬದಲಾಯಿತು, ಕಾರ್ಬ್ಯುರೇಟರ್ ಎರಡು ಸಲ ಬದಲಾಯಿತು. ಕೊನೆಗೆ ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತಾ, “ಸಾರ್, ಒಳಗಡೆ ಎಲ್ಲಾ ಹೊಸದು. ಸ್ಟಾರ್ಟ್ ಒಂದು ಆಗ್ತಿಲ್ಲ” ಅಂದ.

ಆ ವಿಡಿಯೊವನ್ನು ಬಳಸಬಾರದು ಅಂತ ಚೀನಾದ ಸರ್ಕಾರಿ ಟೀವಿ ತಕರಾರು ಮಾಡಿತು. ಸುದ್ದಿಸಂಸ್ಥೆ ರಾಯಿಟರ್ಸ್ ಅದನ್ನು ವಾಪಸ್ ತೆಗೆದುಕೊಂಡಿತು. ಸಾವಿಲ್ಲದ ಬದುಕಿನ ಬಗ್ಗೆ ಮಾತಾಡಿದ ವಿಡಿಯೊ ಒಂದು ವಾರವೂ ಬಾಳಲಿಲ್ಲ.

ಆದರೆ ಆ ಇಬ್ಬರು ನಾಯಕರ ಕಷ್ಟ ನನಗೆ ಅರ್ಥವಾಗುತ್ತದೆ. 2018ರಲ್ಲಿ ಚೀನಾದಲ್ಲಿ ಅಧ್ಯಕ್ಷರಿಗೆ ಎರಡೇ ಅವಧಿ ಅನ್ನುವ ಮಿತಿ ಹೋಯಿತು. 2020ರಲ್ಲಿ ರಷ್ಯಾದ ಸಂವಿಧಾನ ತಿದ್ದಿದ ಮೇಲೆ ಪುಟಿನ್ 2036ರವರೆಗೂ ಇರಬಹುದು. ಕುರ್ಚಿಯ ಆಯಸ್ಸು ಉದ್ದವಾಗಿ ಆಯಿತು. ಈಗ ಅದಕ್ಕೆ ತಕ್ಕ ದೇಹ ಹೊಲಿಸಬೇಕಲ್ಲ!

ಚೀನಾದ ಮಟ್ಟಿಗೆ ಇದು ಹೊಸ ಆಸೆಯೇನಲ್ಲ. ಮೊದಲ ಚಕ್ರವರ್ತಿ ಚಿನ್ ಷಿ ಹುವಾಂಗ್ ಕೂಡ ಅಮೃತ ಹುಡುಕಿಸಿದ್ದ. ಷು ಫು ಅನ್ನುವವನನ್ನು ಸಾವಿರಾರು ಹುಡುಗ ಹುಡುಗಿಯರ ಜೊತೆ ಹಡಗು ಹತ್ತಿಸಿ ಸಮುದ್ರಕ್ಕೆ ಕಳಿಸಿದ ಅನ್ನುತ್ತದೆ ಹಳೆಯ ಚರಿತ್ರೆ. ಷು ಫು ವಾಪಸ್ ಬರಲೇ ಇಲ್ಲ. ಸರ್ಕಾರಿ ಖರ್ಚಿನ ಅಧ್ಯಯನ ಪ್ರವಾಸ ಅಂದರೆ ಅದು! ನಮ್ಮ ಶಾಸಕರು ಪಾಪ ಹತ್ತು ದಿನಕ್ಕೇ ವಾಪಸ್ ಬಂದುಬಿಡುತ್ತಾರೆ. ಚಕ್ರವರ್ತಿ ಕಾದು ಕಾದು ಕ್ರಿಸ್ತಪೂರ್ವ 210ರಲ್ಲಿ ತೀರಿಕೊಂಡ. ಚಿರಂಜೀವಿಯಾಗಲು ಪಾದರಸದ ಗುಳಿಗೆ ನುಂಗುತ್ತಿದ್ದ, ಅದೇ ಅವನನ್ನು ನುಂಗಿತು ಅನ್ನುವವರೂ ಇದ್ದಾರೆ. ಐವತ್ತೂ ತುಂಬಿರಲಿಲ್ಲ.

ಈಗಿನ ಗುಳಿಗೆಗಳ ವಿಷಯಕ್ಕೆ ಬಂದರೆ, ಅಮೆರಿಕದ ಬ್ರಯಾನ್ ಜಾನ್ಸನ್ ಗೊತ್ತಲ್ಲ? 2013ರಲ್ಲಿ ತಮ್ಮ ಕಂಪನಿಯನ್ನು 80 ಕೋಟಿ ಡಾಲರಿಗೆ ಮಾರಿದರು. ಅಷ್ಟು ದುಡ್ಡು ಬಂದ ಮೇಲೆ ಸಾಯೋಕೆ ಯಾರಿಗೆ ಮನಸ್ಸು ಬರುತ್ತೆ ಹೇಳಿ. ‘ಸಾಯಬೇಡಿ’ ಅನ್ನುವುದೇ ಅವರ ಘೋಷಣೆ. ಹಗಲು ಹನ್ನೊಂದರ ಹೊತ್ತಿಗೆ ದಿನದ ಕೊನೆಯ ಊಟ. ರಾತ್ರಿ ಎಂಟೂವರೆಗೆ ನಿದ್ದೆ. ಅಂದರೆ ಆರತಕ್ಷತೆ ಊಟ ಇಲ್ಲ, ಮಳೆ ಬರುವಾಗ ಬಜ್ಜಿ ಇಲ್ಲ, ಬೆಳಗಿನವರೆಗೆ ಯಕ್ಷಗಾನ ಇಲ್ಲ. ಇಷ್ಟೆಲ್ಲ ಬಿಟ್ಟು ಉಳಿಸಿದ ಆಯಸ್ಸಿನಲ್ಲಿ ಏನು ಮಾಡುತ್ತಾರೆ? ಇನ್ನಷ್ಟು ಆಯಸ್ಸು ಉಳಿಸುತ್ತಾರೆ. ನಮ್ಮಲ್ಲೂ ಕೆಲವರು ಎಫ್‌ಡಿ ಇಟ್ಟು, ಅದರ ಬಡ್ಡಿಯನ್ನೂ ಎಫ್‌ಡಿ ಮಾಡಿ, ತೂತು ಬಿದ್ದ ಬನಿಯನ್ ಹಾಕಿಕೊಂಡು ಓಡಾಡುವುದಿಲ್ಲವೇ, ಹಾಗೆ.

2023ರಲ್ಲಿ ಇವರು ಹದಿಹರೆಯದ ಮಗನ ಪ್ಲಾಸ್ಮಾ ತಾವು ಏರಿಸಿಕೊಂಡರು. ತಮ್ಮದನ್ನು ಅಪ್ಪನಿಗೆ ಕೊಟ್ಟರು. ಮಗನ ಪ್ಲಾಸ್ಮಾದಿಂದ ತಮಗೇನೂ ಲಾಭ ಕಾಣಲಿಲ್ಲ ಅಂತ ಆಮೇಲೆ ಅವರೇ ಹೇಳಿದರು. ಅಯ್ಯೋ, ನಮ್ಮನ್ನು ಒಂದು ಮಾತು ಕೇಳಿದ್ದರೆ ಯಯಾತಿಯ ಕತೆ ಹೇಳುತ್ತಿದ್ದೆವು. ಮಾವ ಶುಕ್ರಾಚಾರ್ಯರ ಶಾಪದಿಂದ ಮುದುಕನಾದ ಯಯಾತಿ ಮಕ್ಕಳ ಮುಂದೆ ಕೈಚಾಚಿದ. ನಿಮ್ಮ ಯೌವನ ಕೊಡ್ರಪ್ಪಾ ಅಂದ. ಹಿರಿಯವನು ಯದು ಆಗಲ್ಲ ಅಂದ. ಕಿರಿಯವನು ಪೂರು ತಗೋ ಅಂದ. ಕತೆ ಕೇಳಿದವರೆಲ್ಲ ಪೂರುವನ್ನು ಹೊಗಳುತ್ತಾರೆ. ನನಗೆ ಮಾತ್ರ ಯದುವೇ ಇಷ್ಟ. ಕೊಡಲ್ಲ ಅಂದ ಯದುವಿನ ವಂಶದವರು ನಾವು ಅಂದವರು ಮೈಸೂರಿನಲ್ಲಿ ಭರ್ಜರಿಯಾಗಿ ದಸರಾ ಮಾಡಿದರು. ತಗೋ ಅಂದ ಪೂರುವಿನ ವಂಶದವರು ಕುರುಕ್ಷೇತ್ರದಲ್ಲಿ ಹೊಡೆದಾಡಿ ಸತ್ತರು. (ಯಾದವರೂ ಆಮೇಲೆ ಒನಕೆಯಿಂದ ಹೊಡೆದಾಡಿಕೊಂಡು ಸತ್ತರಲ್ಲ ಅಂತ ಪತ್ರ ಬರೆಯಬೇಡಿ. ಗೊತ್ತು.)

ಇದೇ ಜಾನ್ಸನ್ ಭಾರತಕ್ಕೆ ಬಂದಾಗ ನಮ್ಮ ಬೆಂಗಳೂರಿನ ಉದ್ಯಮಿ, ಜೆರೋಧಾದ ನಿಖಿಲ್ ಕಾಮತ್ ಜೊತೆ ಪಾಡ್‌ಕಾಸ್ಟ್‌ಗೆ ಕೂತರು. ಜೊತೆಯಲ್ಲಿ ಗಾಳಿ ಶುದ್ಧ ಮಾಡುವ ಯಂತ್ರವನ್ನೂ ತಂದಿದ್ದರು. ಕೋಣೆಯೊಳಗೆ ಎಕ್ಯೂಐ, ಅಂದರೆ ಗಾಳಿ ಎಷ್ಟು ಕೆಟ್ಟಿದೆ ಅನ್ನುವ ಅಳತೆ, 130 ಇದೆ ಅಂತ ಅರ್ಧಕ್ಕೇ ಎದ್ದು ಹೊರಟರು. 130! ದೆಹಲಿಯಲ್ಲಿ ನವೆಂಬರ್ ತಿಂಗಳಲ್ಲಿ 130 ಬಂದರೆ ಜನ ಮಕ್ಕಳನ್ನು ಕರೆದುಕೊಂಡು ಹವಾ ಸೇವನೆಗೆ ಹೋಗುತ್ತಾರೆ. ನಾವು ನಕ್ಕೆವು, ಮೀಮ್ ಮಾಡಿದೆವು. ಆದರೆ ಎದ್ದು ಹೋದವನಲ್ಲಿ ತಪ್ಪೇನಿದೆ? ಅವನಿಗೆ ಹೋಗೋಕೆ ಬೇರೆ ಗಾಳಿ ಇತ್ತು. ನಾವು ಈ ಗಾಳಿಯನ್ನೇ ಕುಡಿದುಕೊಂಡು ಕೂತಿದ್ದೇವಲ್ಲ, ನಗಬೇಕಾದದ್ದು ನಮ್ಮನ್ನು ನೋಡಿ.

ಹೋಗಲಿ ಬಿಡಿ. ಜಾಸ್ತಿ ಬದುಕುವುದರಿಂದ ಏನಾಗುತ್ತದೆ ಅನ್ನುವುದಕ್ಕೆ ನನ್ನ ಇಷ್ಟದ ಉದಾಹರಣೆ ಫ್ರಾನ್ಸಿನ ಆರ್ಲ್ ಊರಿನ ಜಾನ್ ಕಾಲ್ಮೆಂ ಅಜ್ಜಿ. 1965ರಲ್ಲಿ ಅಜ್ಜಿಗೆ ತೊಂಬತ್ತು. ಒಬ್ಬ ವಕೀಲ ಬಂದು ಒಪ್ಪಂದ ಮಾಡಿಕೊಂಡ. ತಿಂಗಳಿಗೆ 2,500 ಫ್ರಾಂಕ್ ಕೊಡುತ್ತೇನೆ, ನೀವು ಹೋದ ಮೇಲೆ ಮನೆ ನನಗೆ. ತೊಂಬತ್ತರ ಅಜ್ಜಿ, ಇನ್ನೆಷ್ಟು ದಿನ ಅಂದುಕೊಂಡಿರಬೇಕು. ಅಜ್ಜಿಗೆ ನೂರಾಯಿತು. ನೂರಹತ್ತಾಯಿತು. ವಕೀಲ ಕೊಡುತ್ತಲೇ ಇದ್ದ. ಮೂವತ್ತು ವರ್ಷ ಕೊಟ್ಟು, ಮನೆಯ ಬೆಲೆಯ ಎರಡರಷ್ಟಕ್ಕಿಂತ ಜಾಸ್ತಿ ತೆತ್ತು, 1995ರಲ್ಲಿ ಅವನೇ ತೀರಿಕೊಂಡ. ಆಮೇಲೆ ಅವನ ಹೆಂಡತಿ ಕಟ್ಟಬೇಕಾಯಿತು. ಅಜ್ಜಿ 1997ರಲ್ಲಿ, 122 ವರ್ಷ 164 ದಿನಕ್ಕೆ ಹೊರಟರು. ಇವತ್ತಿಗೂ ಅದೇ ದಾಖಲೆ. ಅಂದರೆ ಬೀಜಿಂಗಿನ ನೂರೈವತ್ತನ್ನು ಮುಟ್ಟಲು ಈ ಅಜ್ಜಿಯೇ ಇನ್ನೂ ಇಪ್ಪತ್ತೇಳೂವರೆ ವರ್ಷ ಕಾಯಬೇಕಿತ್ತು.

ವಕೀಲರ ಮಾತು ಬಂತು ನೋಡಿ, ಸಾವೇ ಇಲ್ಲದಿದ್ದರೆ ಮೊದಲು ಲಾಭ ಆಗುವುದು ನಮ್ಮ ಸಿವಿಲ್ ಕೋರ್ಟುಗಳಿಗೆ. ಗೆದ್ದವನು ಸೋತ, ಸೋತವನು ಸತ್ತ ಅನ್ನುವ ಗಾದೆಯೇ ಬಿದ್ದುಹೋಗುತ್ತದೆ. ಅಜ್ಜ ಹಾಕಿದ ಪಾಲಿನ ದಾವೆಯ ತೀರ್ಪನ್ನು ಮೊಮ್ಮಗ ಕೇಳುವ ಬದಲು ಅಜ್ಜನೇ ಕೇಳಬಹುದು. ಕೇಳಿ, ಅಪೀಲು ಹೋಗಬಹುದು. ಪಕ್ಷಗಳ ಯುವ ಘಟಕದ ಅಧ್ಯಕ್ಷರಿಗೆ ತೊಂಬತ್ತಾಗಿರುತ್ತದೆ. ಹಿರಿಯರು ಇನ್ನೂ ಟಿಕೆಟ್ ಬಿಟ್ಟುಕೊಟ್ಟಿಲ್ಲ ಅಂತ ಅವರ ಗೊಣಗಾಟ.

ತಮಾಷೆ ಮಾಡುತ್ತಾ ಇದ್ದೆ, ಆದರೆ ಆ ಅಂಗಾಂಗದ ಮಾತು ಗಂಟಲಲ್ಲಿ ಸಿಕ್ಕಿಕೊಂಡಿದೆ. ಒಂದು ಹೃದಯ ಬೇಕು ಅಂದರೆ ಎಲ್ಲೋ ಒಬ್ಬರು ಸತ್ತಿರಬೇಕು. ಅದು ಅಂಗಡಿಯಲ್ಲಿ ಸಿಗುವ ಸಾಮಾನಲ್ಲ. ಅಂಗಾಂಗ ದಾನ ನೋಡಿಕೊಳ್ಳುವ ನಮ್ಮ ರಾಜ್ಯದ ‘ಜೀವಸಾರ್ಥಕತೆ’ಯಲ್ಲಿ ಹೆಸರು ಬರೆಸಿ, ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಾ, ಫೋನ್ ರಿಂಗಾದಾಗಲೆಲ್ಲ ಎದೆ ಹಿಡಿದುಕೊಳ್ಳುವವರನ್ನು ಕೇಳಿ. ಅವರಿಗೆ ನೂರೈವತ್ತು ಬೇಡ. ಮಗಳ ಮದುವೆವರೆಗೆ ಸಾಕು. 2021ರಲ್ಲಿ ಪುನೀತ್ ಹೋದಾಗ ಅವರ ಕಣ್ಣಿನಿಂದ ನಾಲ್ವರಿಗೆ ದೃಷ್ಟಿ ಬಂತು. ಆಗ ಅವರಿಗೆ ಇನ್ನೂ ನಲವತ್ತಾರು. ಇಲ್ಲಿ ಇಬ್ಬರು ಎಪ್ಪತ್ತೆರಡರ ಯಜಮಾನರು ರೆಡ್ ಕಾರ್ಪೆಟ್ ಮೇಲೆ ನಡೆಯುತ್ತಾ ತಮಗೆ ಇನ್ನೊಂದು ಎಪ್ಪತ್ತೆಂಟು ವರ್ಷ ಬೇಕು ಅನ್ನುತ್ತಿದ್ದಾರೆ. ಅವರಲ್ಲಿ ಒಬ್ಬರು 2022ರಿಂದ ಉಕ್ರೇನಿನ ಮಣ್ಣಿಗೆ ಇಪ್ಪತ್ತರ ಹುಡುಗರನ್ನು ಕಳಿಸುತ್ತಲೇ ಇದ್ದಾರೆ. ಎರಡೂ ಕಡೆ ಹೆಣ ಬೀಳುತ್ತಲೇ ಇದೆ. ನನಗೆ ಇದರಲ್ಲಿ ಜೋಕ್ ಹುಡುಕಿ ಸಾಕಾಗಿದೆ.

ಮೊನ್ನೆ ದೊಡ್ಡಪ್ಪನನ್ನು ಬ್ಯಾಂಕಿಗೆ ಕರೆದುಕೊಂಡು ಹೋಗಿದ್ದೆ. ನವೆಂಬರ್ ಅಲ್ವಾ, ಪಿಂಚಣಿಯವರು ತಾವು ಬದುಕಿದ್ದೇವೆ ಅಂತ ತೋರಿಸಿಕೊಳ್ಳುವ ತಿಂಗಳು. ಎಪ್ಪತ್ತೊಂಬತ್ತು ವರ್ಷ. ಹೆಬ್ಬೆಟ್ಟಿನ ಗೆರೆಯೆಲ್ಲ ಸವೆದುಹೋಗಿದೆ. ಯಂತ್ರದ ಮೇಲೆ ಒತ್ತಿದರೆ ಕೆಂಪು ದೀಪ. ಬಟ್ಟೆಗೆ ಒರೆಸಿ ಒತ್ತಿದರೆ ಮತ್ತೆ ಕೆಂಪು.

“ಮ್ಯಾಚ್ ಆಗ್ತಿಲ್ಲ ಯಜಮಾನ್ರೇ” ಅಂದಳು ಕೌಂಟರಿನ ಹುಡುಗಿ.

“ಎದುರಿಗೇ ನಿಂತಿದ್ದೀನಲ್ಲಮ್ಮಾ.”

“ನಂಗೆ ಕಾಣ್ತಿದೆ. ಸಿಸ್ಟಂ ಒಪ್ತಿಲ್ಲ. ನಾಳೆ ಬನ್ನಿ.”

ಉತ್ತರ ಪ್ರದೇಶದ ಆಜಂಗಢದ ಲಾಲ್ ಬಿಹಾರಿ ಅನ್ನುವವರು ಕಾಗದದ ಮೇಲೆ ಸತ್ತು ಹೋಗಿ, ಬದುಕಿದ್ದೇನೆ ಅಂತ ಒಪ್ಪಿಸಲು ಹೆಚ್ಚುಕಡಿಮೆ ಹದಿನೆಂಟು ವರ್ಷ ಅಲೆದರು. ಚುನಾವಣೆಗೆ ನಿಂತರು. ಹೆಂಡತಿಗೆ ವಿಧವಾ ವೇತನ ಕೊಡಿ ಅಂತ ಅರ್ಜಿ ಹಾಕಿದರು. ತಮ್ಮಂಥವರನ್ನೆಲ್ಲ ಸೇರಿಸಿ ‘ಮೃತಕ ಸಂಘ’ ಕಟ್ಟಿದರು. 1994ರಲ್ಲಿ ಕೊನೆಗೂ ಸರ್ಕಾರದ ಲೆಕ್ಕದಲ್ಲಿ ಜೀವ ಬಂತು. ಇದನ್ನು ದೊಡ್ಡಪ್ಪನಿಗೆ ಹೇಳಲಿಲ್ಲ. ಆಟೋದಲ್ಲಿ ವಾಪಸ್ ಬರುವಾಗ ಬೀಜಿಂಗಿನ ಕತೆ ಹೇಳಿದೆ, ಸ್ವಲ್ಪ ನಗಲಿ ಅಂತ.

“ನೂರೈವತ್ತಾ?” ಅಂದರು. ಸ್ವಲ್ಪ ಹೊತ್ತು ಹೆಬ್ಬೆಟ್ಟು ನೋಡಿಕೊಂಡರು. “ಅವರ ಕೈಲೂ ವರ್ಷ ವರ್ಷ ಇದನ್ನ ಒತ್ತಿಸ್ತಾರೇನೋ?”

“ಇಲ್ಲ ದೊಡ್ಡಪ್ಪ.”

“ಅದಕ್ಕೇ ಮತ್ತೆ ಅಷ್ಟು ಆಸೆ.”

ಆಟೋದವನಿಗೆ ಎಡಕ್ಕೆ ತಗೋಳಪ್ಪಾ ಅಂದರು. ನಾಳೆ ಹತ್ತೂವರೆಗೆ ಮತ್ತೆ ಹೋಗಬೇಕು.