ಪುಕ್ಕಟೆ ಸರ್ಟಿಫಿಕೇಟಿಗೆ 1,499 ರೂಪಾಯಿ!

ನಮ್ಮತ್ತಿಗೆ ಮನೇಲೇ ಬ್ಲೌಸ್ ಹೊಲೀತಾರೆ. ಇನ್ನೊಂದು ಮೆಷಿನ್‌ಗೆ ಸಾಲ ಕೇಳೋಕೆ ಹೋದ್ರೆ ಬ್ಯಾಂಕಲ್ಲಿ ‘ಉದ್ಯಮ್ ಸರ್ಟಿಫಿಕೇಟ್ ತನ್ನಿ’ ಅಂದ್ರಂತೆ. ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ನೋಂದಾಯಿಸಿದ್ದಕ್ಕೆ ಸಿಗೋ ಪತ್ರ ಅದು. ನಂಗ್ಯಾಕೆ ತೊಂದ್ರೆ ಕೊಡೋದು ಅಂತ ಪಾಪ ತಾವೇ ಮೊಬೈಲಲ್ಲಿ ಹುಡುಕಿ, ಮೊದಲು ಬಂದಿದ್ದನ್ನ ಒತ್ತಿದ್ದಾರೆ. ಆಧಾರ್, ಪ್ಯಾನ್, ಬ್ಯಾಂಕ್ ಖಾತೆ ಎಲ್ಲಾ ತುಂಬಿ 1,499 ಕಟ್ಟಿದ್ದಾರೆ. ನಾಲ್ಕು ಲೈನಿಂಗ್ ಬ್ಲೌಸಿನ ಕೂಲಿ!

ಉದ್ಯಮ್ ನೋಂದಣಿಗೆ ಸರ್ಕಾರ ಒಂದು ಪೈಸೆ ತಗೊಳ್ಳಲ್ಲ ಸ್ವಾಮಿ.

ಆ ಪೇಜ್ ನಾನೂ ತೆಗೆದು ನೋಡಿದೆ. ಮೇಲೆ ಸಿಂಹದ ಲಾಂಛನದ ಥರದ್ದೇ ಒಂದು ಚಿತ್ರ, ಕೇಸರಿ ಬಿಳಿ ಹಸಿರು ಪಟ್ಟಿ, ವಿಳಾಸದಲ್ಲೇ ‘ಉದ್ಯಮ್’, ಬಾಲದಲ್ಲಿ ಡಾಟ್ ಓಆರ್‌ಜಿ. ಕೆಳಗೆ ಇಳೀತಾ ಇಳೀತಾ ಹೋದ್ರೆ ತಳದಲ್ಲಿ ಇರುವೆ ಸಾಲಿನಂಥ ಬೂದು ಅಕ್ಷರ: ನಾವು ಖಾಸಗಿ ಸಲಹೆಗಾರರು, ಸರ್ಕಾರಕ್ಕೂ ನಮಗೂ ಸಂಬಂಧ ಇಲ್ಲ. ಅದೂ ಇಂಗ್ಲಿಷಲ್ಲಿ. ಕಂಪ್ಲೇಂಟ್ ಕೊಡೋಣ ಅಂದ್ರೆ ಬಂದಿರೋ ಸರ್ಟಿಫಿಕೇಟ್ ಅಸಲಿದೇ! ಅತ್ತಿಗೆ ಹತ್ರ ಫೋನಲ್ಲಿ ಓಟಿಪಿ ಇಸ್ಕೊಂಡು, ಸರ್ಕಾರಿ ಪೋರ್ಟಲ್ಲಲ್ಲೇ ಹಾಕಿ ತೆಗೆದುಕೊಟ್ಟಿದ್ದಾರೆ.

‘ವಿಳಾಸಕ್ಕೆ ಸರ್ಕಾರಿ ಬಾಲ ಜಿಓವಿ ಡಾಟ್ ಇನ್ ಇದ್ಯಾ ನೋಡ್ಬೇಕಿತ್ತು’ ಅಂತ ಬುದ್ಧಿ ಹೇಳೋಕೆ ಬರ್ಬೇಡಿ. ರೈಲು ಟಿಕೆಟ್ ಎಲ್ಲಿ ತಗೋತೀರಿ? ಐಆರ್‌ಸಿಟಿಸಿ ಡಾಟ್ ಸಿಓ ಡಾಟ್ ಇನ್. ಅಸಲಿ. ಪ್ಯಾನ್ ಕಾರ್ಡಿಗೆ ಅರ್ಜಿ ಹಾಕೋ ಯುಟಿಐಐಟಿಎಸ್‌ಎಲ್? ಡಾಟ್ ಕಾಮ್. ಅದೂ ಅಸಲಿ. ಅಸಲಿಗಳೇ ಒಂದೊಂದು ಬಾಲ ಕಟ್ಕೊಂಡು ಓಡಾಡ್ತಿರುವಾಗ, ಎಸ್ಸೆಸ್ಸೆಲ್ಸಿಗೇ ಶಾಲೆ ಬಿಟ್ಟ ಹೆಂಗಸು ಬಾಲ ನೋಡಿ ನಕಲಿ ಹಿಡೀಬೇಕಾ? ಹೆಸರಾದ್ರೂ ನೆಟ್ಟಗಿತ್ತಾ? 2015ರಲ್ಲಿ ‘ಉದ್ಯೋಗ್ ಆಧಾರ್’ ಅಂದ್ರು, 2020ರ ಜುಲೈ 1ರಿಂದ ‘ಉದ್ಯಮ್’ ಅಂದ್ರು. ಹಳೇದು ಹುಡುಕಿದೋರಿಗೆ ದೇವರೇ ಗತಿ.

ಎಚ್ಚರಿಕೆ ಹಾಕಿಲ್ಲ ಅಂತಲ್ಲ. ಖಾಸಗಿಯವರಿಗೆ ಯಾರಿಗೂ ನೋಂದಣಿ ಮಾಡೋ ಅಧಿಕಾರ ಇಲ್ಲ ಅಂತ ಬರೆದಿದ್ದಾರೆ. ಎಲ್ಲಿ ಗೊತ್ತಾ? ಆ ಸರ್ಕಾರಿ ಪೋರ್ಟಲ್ಲಿನೊಳಗೇ! ದಾರಿ ತಪ್ಪಿದೋರಿಗೆ ಅಂತ ಊರೊಳಗೆ ಕೈಮರ ನೆಟ್ಟ ಹಾಗಾಯ್ತು. ಕವಲಿನಲ್ಲಿ ನೆಡ್ರಪ್ಪಾ ಅದನ್ನ! ಬ್ಯಾಂಕಿನೋರು ‘ತನ್ನಿ’ ಅನ್ನೋ ಬದಲು ಒಂದು ಚೀಟೀಲಿ ಸರಿಯಾದ ವಿಳಾಸ ಬರೆದುಕೊಟ್ಟಿದ್ರೆ ಅವರ ಗಂಟೇನು ಹೋಗ್ತಿತ್ತು?

ನಿನ್ನೆ ಮತ್ತೆ ಅತ್ತಿಗೆಗೆ ಫೋನು. ‘ಮೇಡಂ, ನಿಮ್ಮ ಸರ್ಟಿಫಿಕೇಟ್ ರಿನ್ಯೂವಲ್‌ಗೆ ಬಂದಿದೆ, 999 ಆಗುತ್ತೆ.’ ರಿನ್ಯೂವಲ್ ಅನ್ನೋದೇ ಇಲ್ಲ ಕಣ್ರೋ ಉದ್ಯಮ್‌ಗೆ! ನಾನು ಫೋನ್ ಕಿತ್ಕೊಳ್ಳೋ ಹೊತ್ತಿಗೆ ಅತ್ತಿಗೆ ಪರ್ಸಿಂದ ಆಧಾರ್ ಕಾರ್ಡ್ ತೆಗೀತಾ ಇದ್ರು.