ಹೊರಗೋಡೆಯ ಉತ್ಸವಮೂರ್ತಿ

ಕ್ಯಾಲಿಫೋರ್ನಿಯಾದಲ್ಲಿ ನಾನು ಕೊಂಡ ಎರಡನೇ ಮನೆಗೆ ಆರು ಚಕ್ರ. ಇಲ್ಲಿ ಅದಕ್ಕೆ ಆರ್‌ವಿ ಅಂತಾರೆ. ಒಲೆ, ಹಾಸಿಗೆ, ಬಚ್ಚಲು ಎಲ್ಲ ಒಳಗೇ. ಹಾಸನದಿಂದ ಬಂದಿದ್ದ ಅತ್ತೆ ಒಂದು ಸುತ್ತು ನೋಡಿ, "ದೇವರ ಗೂಡೊಂದು ಬಿಟ್ಟು ಎಲ್ಲ ಇದೆ ಅಳಿಯಂದ್ರೇ" ಎಂದರು. ಡ್ರೈವರ್ ಸೀಟಿನ ಮೇಲ್ಗಡೆ ಒಂದು ಟಿವಿಯೂ ಇತ್ತು. ನನಗೆ ಇನ್ನೊಂದು ಬೇಕಿತ್ತು, ಹೊರಗೋಡೆಗೆ.

"ಮನೆ ಬೇಜಾರು ಅಂತ ಕಾಡಿಗೆ ಹೋಗೋದು. ಹೋಗುವಾಗ ಮನೇನೂ ಎಳ್ಕೊಂಡು ಹೋಗೋದು. ಆಮೇಲೆ ಆ ಮನೆಯಿಂದ ಆಚೆ ಬಂದು ಕೂತು ಟಿವಿ ನೋಡೋದು. ಮಧ್ಯೆ ಎಲ್ಲಾದ್ರೂ ನಿಲ್ಲಬಹುದಿತ್ತಲ್ವೇನ್ರೀ?" ಎಂದಳು ಹೆಂಡತಿ. ನನ್ನ ಹತ್ತಿರ ಉತ್ತರ ಇರಲಿಲ್ಲ, ಡ್ರಿಲ್ಲಿಂಗ್ ಮೆಷಿನ್ ಇತ್ತು.

ಈ ಗಾಡಿಗಳ ಗೋಡೆ ನೋಡೋಕೆ ಮಾತ್ರ ಗೋಡೆ. ಹೊರಗೆ ತೆಳ್ಳನೆಯ ಫೈಬರ್‌ಗ್ಲಾಸ್, ಒಳಗೆ ತೆಳ್ಳನೆಯ ಪ್ಲೈವುಡ್, ನಡುವೆ ಥರ್ಮೋಕೋಲಿನ ತಮ್ಮನಂಥದ್ದು. ಅಲ್ಲಲ್ಲಿ ಅಲ್ಯೂಮಿನಿಯಂ ಪಟ್ಟಿಗಳಿರುತ್ತವೆ, ಸ್ಕ್ರೂ ಕಚ್ಚಬೇಕಾದ್ದು ಅವಕ್ಕೆ. ಅವು ಎಲ್ಲಿವೆ ಅಂತ ಅಯಸ್ಕಾಂತ ಹಿಡಿದು ಹುಡುಕೋಣವೆಂದರೆ ಅಲ್ಯೂಮಿನಿಯಂ ಅದಕ್ಕೆ ಜಗ್ಗುವುದಿಲ್ಲ. ಹಲಸಿನ ಹಣ್ಣು ತಟ್ಟಿ ನೋಡುವ ಹಾಗೆ ಇಡೀ ಗೋಡೆಯನ್ನು ಬೆರಳಲ್ಲಿ ತಟ್ಟಿದೆ. ಒಂದು ಕಡೆ ಸದ್ದು ಗಟ್ಟಿ ಎನಿಸಿತು, ಕೊರೆದೆ. ತೂತಿನಿಂದ ಬಿಳೀ ಹಿಟ್ಟು ಮಂಡಕ್ಕಿಯ ಪುಡಿಯಂತೆ ಉದುರಿ ಅಂಗಿಗೆಲ್ಲ ಅಂಟಿಕೊಂಡಿತು. ಪಟ್ಟಿ ಅಲ್ಲಿರಲಿಲ್ಲ.

ಇಂಥ ತೂತು ಸಣ್ಣ ಅಪರಾಧವೇನಲ್ಲ. ಒಂದೆರಡು ಮಳೆಯ ನೀರು ಒಳಗಿಳಿದರೆ ಫೈಬರ್‌ಗ್ಲಾಸ್ ಬಿಟ್ಟುಕೊಂಡು ಪೂರಿಯ ಹಾಗೆ ಉಬ್ಬುತ್ತದೆ, ರಿಪೇರಿಯ ಖರ್ಚಿನ ಮುಂದೆ ಟಿವಿಯ ಬೆಲೆ ಏನೂ ಅಲ್ಲ. ಕೊನೆಗೆ ಒಳಗಿನ ಬೀರುವಿನೊಳಗೆ ಒಂದು ದಪ್ಪ ಹಲಗೆ ಕೊಟ್ಟು, ಹೊರಗಿನಿಂದ ಬೋಲ್ಟು ಆರಪಾರ ತೂರಿಸಿ ಬಿಗಿದೆ. ಬೋಲ್ಟಿನ ಸುತ್ತ ನೀರು ಇಳಿಯದ ಹಾಗೆ ಬ್ಯುಟೈಲ್ ಟೇಪು. ಹಲಸಿನ ಮೇಣದ ಅಣ್ಣ ಅದು. ಕೈಗೆ ಹತ್ತಿದರೆ ಮೂರು ದಿನ ಬಿಡುವುದಿಲ್ಲ.

ಬ್ರಾಕೆಟ್ಟಿಗೆ ಎರಡು ಭಾಗ. ಗೋಡೆಯ ತಟ್ಟೆ ಅಲ್ಲೇ ಇರುತ್ತದೆ. ಟಿವಿಯ ಬೆನ್ನಿನ ನಾಲ್ಕು ತೂತುಗಳಿಗೆ, ಅಂದರೆ 100 ಮಿಲಿಮೀಟರಿನ ಚೌಕಕ್ಕೆ, ಇನ್ನೊಂದು ತಟ್ಟೆ. ಮೇಲಿನಿಂದ ಜಾರಿಸಿದರೆ ಟಕ್ ಅಂತ ಕೂರುತ್ತದೆ, ಎತ್ತಿದರೆ ಬರುತ್ತದೆ. ಸಂಜೆ ಹೊರಗೆ ತಂದು ಕೂರಿಸುವುದು, ಮಲಗುವ ಮುಂಚೆ ಒಳಗೊಯ್ಯುವುದು. ಎರಡು ದಿನ ಇದನ್ನೇ ನೋಡುತ್ತಿದ್ದ ಅತ್ತೆ ಹೇಳಿದರು: "ಒಳಗಿರೋದು ಮೂಲದೇವರು. ಇದು ಉತ್ಸವಮೂರ್ತಿ."

ಅದೇ ಸರಿ ಎನಿಸಿತು. ಒಳಗಿನ ಟಿವಿ ರಿಮೋಟು ಹಿಡಿದವರದ್ದು. ಹೊರಗೆ ಬಂದದ್ದು ದಾರಿಹೋಕರದ್ದೂ ಹೌದು.

2024ರ ಜೂನ್ 29, ಶನಿವಾರ. ಶಾಸ್ತಾ ಪರ್ವತದ ಹತ್ತಿರ ಒಂದು ಕ್ಯಾಂಪಿನಲ್ಲಿ ಗಾಡಿ ನಿಲ್ಲಿಸಿದ್ದೆವು. ಬಾರ್ಬಡೋಸ್‌ನಲ್ಲಿ ಟಿ20 ವಿಶ್ವಕಪ್ ಫೈನಲ್, ಇಲ್ಲಿಗೆ ಬೆಳಿಗ್ಗೆ ಏಳೂವರೆ. ಟಿವಿ ಕೂರಿಸಿದ ಪಕ್ಕ ಪೂರ್ವಕ್ಕೆ ಎಂಬುದು ಗೊತ್ತಾದದ್ದು ಸೂರ್ಯ ಎದ್ದ ಮೇಲೆ. ಪರದೆಯಲ್ಲಿ ಕೊಹ್ಲಿ ಇರಲಿಲ್ಲ, ಕಾಫಿ ಲೋಟ ಹಿಡಿದ ನಾವು ಮೂವರಿದ್ದೆವು. ಅತ್ತೆ ಊರಿಂದ ತಂದಿದ್ದ ಜಮಖಾನ ಬಿಚ್ಚಿ, ಮೇಲಿನ ಮಡಚುವ ಚಪ್ಪರದಿಂದ ಇಳಿಬಿಟ್ಟು, ಅದರೊಳಗೆ ತಲೆ ತೂರಿಸಿದೆವು. ಹಳೇ ಕಾಲದ ಫೋಟೋ ಸ್ಟುಡಿಯೋದವರು ಕರೀ ಬಟ್ಟೆಯೊಳಗೆ ನುಗ್ಗುತ್ತಿದ್ದರಲ್ಲ, ಹಾಗೆ.

ನಾಯಿ ಹಿಡಿದು ಹೊರಟಿದ್ದ ಪಕ್ಕದ ಗಾಡಿಯ ಅಜ್ಜನಿಗೆ ಮೂರು ಜೊತೆ ಕಾಲು, ಜಮಖಾನ, ಒಳಗಿನಿಂದ ಅರಚಾಟ ಕಂಡಿರಬೇಕು. ಬಗ್ಗಿ ಇಣುಕಿದರು, ಅಲ್ಲೇ ಉಳಿದರು. ಕೊನೆಯ ಓವರಿಗೆ ದಕ್ಷಿಣ ಆಫ್ರಿಕಾಕ್ಕೆ 16 ಬೇಕು. ಮೊದಲ ಎಸೆತಕ್ಕೇ ಮಿಲ್ಲರ್ ಎತ್ತಿದ್ದು ಗಡಿಯ ಹತ್ತಿರ ಇಳಿಯಿತು. ಸೂರ್ಯಕುಮಾರ್ ಹಿಡಿದು, ಮೇಲಕ್ಕೆಸೆದು, ಗೆರೆ ದಾಟಿ, ಮರಳಿ ಬಂದು ಹಿಡಿದರು. ಬೇಸ್‌ಬಾಲ್‌ನಲ್ಲಿ ಹಿಡಿದ ಮೇಲೆ ಬೇಲಿಯಾಚೆ ಬಿದ್ದರೂ ಔಟೇ, ಇಷ್ಟೆಲ್ಲ ಸರ್ಕಸ್ ಯಾಕೆ ಎಂದರು ಅಜ್ಜ. ಯಾರಿಗೂ ಹೇಳುವ ವ್ಯವಧಾನ ಇರಲಿಲ್ಲ.

ಏಳು ರನ್ನಿನಿಂದ ಗೆದ್ದೆವು. ಕೊಹ್ಲಿ ಕಪ್ಪನ್ನು ಕೋಚ್ ದ್ರಾವಿಡ್ ಕೈಗೆ ಕೊಟ್ಟರು, ಜನ್ಮದಲ್ಲಿ ದನಿ ಎತ್ತದ ಮನುಷ್ಯ ಅದನ್ನೆತ್ತಿ ಕೂಗಿಬಿಟ್ಟರು. 2007ರ ಏಕದಿನ ವಿಶ್ವಕಪ್ಪಿಗೆ ಹೋಗಿ ಅದೇ ವೆಸ್ಟ್ ಇಂಡೀಸ್‌ನಿಂದ ನಾಯಕನಾಗಿ, ಮೊದಲ ಸುತ್ತಲ್ಲೇ ಸೋತು ಮರಳಿದ್ದವರು. ಅತ್ತೆ ಸೆರಗಲ್ಲಿ ಕಣ್ಣೊರೆಸಿಕೊಂಡು, "ನಮ್ಮ ಹುಡುಗ" ಎಂದು ಅಜ್ಜನಿಗೆ ಕನ್ನಡದಲ್ಲೇ ಹೇಳಿದರು. ಅವರು ತಲೆಯಾಡಿಸಿದರು. ಹೆಂಡತಿ ಅವರಿಗೂ ಒಂದು ಲೋಟ ಕಾಫಿ ತಂದಳು. ಹೊರಗೆ ಟಿವಿ ಯಾಕೆ ಎಂದು ಆಮೇಲೆ ಕೇಳಿಲ್ಲ.

ಮಾರನೆ ದಿನ ಹೊರಡುವಾಗ ಟಿವಿಯನ್ನು ಇಳಿಸಿ, ಅದೇ ಜಮಖಾನದಲ್ಲಿ ಸುತ್ತಿ ಹಾಸಿಗೆಯ ಮೇಲೆ ಮಲಗಿಸಿದೆ. "ಶಯನೋತ್ಸವ ಆಯ್ತು, ಇನ್ನು ನಡೀರಿ" ಎಂದರು ಅತ್ತೆ. ಮೆಟ್ಟಿಲು ಮಡಚಿದೆ, ಚಪ್ಪರ ಸುತ್ತಿದೆ, ನೀರಿನ ಪೈಪು, ಕರೆಂಟಿನ ವೈರು ಎಲ್ಲ ಕಿತ್ತದ್ದಾಯಿತೆಂದು ಎರಡು ಸಲ ನೋಡಿದೆ. ಅರವತ್ತು ಮೈಲಿ ಆಚೆ ಪೆಟ್ರೋಲ್ ಹಾಕಿಸಲು ಇಳಿದರೆ, ಗೋಡೆಯ ಖಾಲಿ ತಟ್ಟೆಗೆ ಅತ್ತೆ ಬೆಳಿಗ್ಗೆ ಸಿಕ್ಕಿಸಿದ್ದ ಒದ್ದೆ ಟವೆಲ್ಲು ಪೂರಾ ಒಣಗಿ ಗರಿಗರಿಯಾಗಿ ಹಾರಾಡುತ್ತಿತ್ತು.