ಆ ದೋಣಿ ಎಲ್ಲಿಗೆ ಹೋಯಿತು

ಅವನನ್ನು ಮೊದಲು ಗಮನಿಸಿದ್ದು ನಾನಲ್ಲ, ನನ್ನ ಹೆಂಡತಿ.

ಅವರೆಕಾಯಿ ಕಾಲ. ರಾತ್ರಿ ಊಟ ಮುಗಿದ ಮೇಲೆ ನಾನು ಲ್ಯಾಪ್‌ಟಾಪಿನಲ್ಲಿ ಪೋಲೆಂಡಿನ ಸಿನಿಮಾ ಹಾಕಿಕೊಂಡು ಕೂರುತ್ತಿದ್ದೆ. ಅವಳು ಪಕ್ಕದಲ್ಲಿ ನೆನೆಸಿದ ಅವರೆಕಾಳಿನ ಪಾತ್ರೆ ಇಟ್ಟುಕೊಂಡು ಹಿತುಕುತ್ತಾ ಕೂರುತ್ತಿದ್ದಳು. ಒಂದೆರಡು ಕಾಳು ಪಿಚಕ್ಕನೆ ಹಾರಿ ಕೀಬೋರ್ಡಿನ ಮೇಲೂ ಬಿದ್ದವು. ನಾನು ಏನೂ ಅನ್ನಲಿಲ್ಲ. ಮಾರನೇ ದಿನದ ಸಾರಿನ ಪ್ರಶ್ನೆ.

ನೋಡುತ್ತಿದ್ದದ್ದು 'ಡೆಕಲಾಗ್'. ಕ್ಷಿಶ್ತೋಫ್ ಕ್ಯೆಶ್ಲೋಫ್‌ಸ್ಕಿ ಅನ್ನುವ ನಿರ್ದೇಶಕ ಪೋಲೆಂಡಿನ ಟೀವಿಗಾಗಿ ಮಾಡಿದ, ಒಂದೊಂದು ಗಂಟೆಯ ಹತ್ತು ಸಿನಿಮಾ. (ಈ ಹೆಸರನ್ನು ತಡವರಿಸದೆ ಹೇಳಲು ನನಗೆ ಮೂರು ರಾತ್ರಿ ಬೇಕಾಯಿತು.) ಬೈಬಲ್ಲಿನ ಹತ್ತು ಕಟ್ಟಳೆಗಳಿಗೆ ಹತ್ತು ಕಥೆ. ಎಲ್ಲರೂ ವಾರ್ಸಾದ ಒಂದೇ ವಠಾರದವರು, ಬೆಂಕಿಪೆಟ್ಟಿಗೆಗಳನ್ನು ನಿಲ್ಲಿಸಿದಂಥ ಬೂದು ಬಣ್ಣದ ಅಪಾರ್ಟ್‌ಮೆಂಟುಗಳವರು. ಒಂದು ಕಥೆಯ ನಾಯಕಿ ಇನ್ನೊಂದು ಕಥೆಯಲ್ಲಿ ಸುಮ್ನೆ ಹಾದುಹೋಗುತ್ತಾಳೆ. ದಿನಕ್ಕೊಂದರಂತೆ ಹತ್ತು ದಿನ ನೋಡೋಣ ಅಂತ ನನ್ನ ಲೆಕ್ಕ. ಅವಳದು ಕಾಳು ಮುಗಿಯುವ ತನಕ ಅಂತ.

ಮೂರನೇ ರಾತ್ರಿ ಅವಳು ಕೈ ನಿಲ್ಲಿಸಿ ಕೇಳಿದಳು, "ರೀ, ಈ ಟ್ರಾಮ್ ಓಡಿಸ್ತಿರೋನು ಮೊದಲನೇ ದಿನ ಕೆರೆ ಹತ್ರ ಬೆಂಕಿ ಕಾಯಿಸ್ಕೊಂಡು ಕೂತಿದ್ದೋನೇ ಅಲ್ವಾ?"

ಯಾರು, ಎಲ್ಲಿ, ಯಾವ ಬೆಂಕಿ? ನನಗೆ ಒಂದೂ ನೆನಪಿಲ್ಲ. ಹಿಂದಕ್ಕೆ ಓಡಿಸಿ ನೋಡಿದೆ. ಹೌದು, ಅವನೇ. ಮೊದಲನೇ ಕಥೆ ಶುರುವಾಗುವುದೇ ಅವನಿಂದ. ಹೆಪ್ಪುಗಟ್ಟಿದ ಕೆರೆ, ದಂಡೆಯಲ್ಲಿ ಬೆಂಕಿ, ಅದರ ಮುಂದೆ ಕುರಿಚರ್ಮದ ಕೋಟು ತೊಟ್ಟ ಒಬ್ಬ. ನೇರವಾಗಿ ನಮ್ಮ ಕಡೆ ನೋಡುತ್ತಾನೆ. ಎರಡನೇ ಕಥೆಗೆ ಹೋದೆ. ಅಲ್ಲಿ ಬಿಳಿ ಕೋಟು ಹಾಕಿಕೊಂಡು ಆಸ್ಪತ್ರೆಯ ವಾರ್ಡ್‌ಬಾಯ್ ಆಗಿ ನಿಂತಿದ್ದಾನೆ. ಮೂರನೆಯದರಲ್ಲಿ ಟ್ರಾಮು. ನಾನು ಮೂರು ಗಂಟೆ ಕೂತು, ಸಿನಿಮಾ ಗೊತ್ತಿರುವವನ ಗತ್ತಿನಲ್ಲಿ ನೋಡಿದ್ದೆ. ಮನುಷ್ಯ ಕಣ್ಣಿಗೇ ಬಿದ್ದಿರಲಿಲ್ಲ.

ಯಾಕೆ ಅಂತ ಆಮೇಲೆ ಹೊಳೆಯಿತು. ನಾನು ಸಬ್‌ಟೈಟಲ್ ಓದುತ್ತಿದ್ದೆ. ಪೋಲಿಷ್ ಭಾಷೆಯಲ್ಲಿ ನನಗೆ ಒಂದಕ್ಷರ ಬರುವುದಿಲ್ಲ. ಕಣ್ಣೆಲ್ಲ ಪರದೆಯ ಕೆಳಗಿನ ಎರಡು ಸಾಲಿನ ಮೇಲೆ. ಇವನಿಗೋ ಒಂದು ಮಾತೂ ಇಲ್ಲ, ಆದ್ದರಿಂದ ಇವನ ಕೆಳಗೆ ಅಕ್ಷರವೂ ಇಲ್ಲ. ಅವಳ ಕೈ ತುಂಬ ಅವರೆಕಾಳು, ಓಡುವ ಇಂಗ್ಲಿಷ್ ಸಾಲು ಓದಲು ಪುರಸೊತ್ತಿಲ್ಲ, ಮುಖ ನೋಡಿಕೊಂಡೇ ಕಥೆ ಹಿಡಿಯುತ್ತಿದ್ದಳು. ಮಾತು ಓದುವವನಿಗೆ ಸಿಕ್ಕದವನು ಮುಖ ನೋಡುವವಳಿಗೆ ಸಿಕ್ಕ.

ಆಮೇಲಿಂದ ನಮಗೆ ಅದೇ ಆಟವಾಯಿತು. ಯಾರು ಮೊದಲು "ಬಂದ!" ಅನ್ನುತ್ತಾರೆ ಅಂತ. ಬಹಳ ಸಲ ಅವಳೇ ಗೆದ್ದಳು.

ಅವನ ಹೆಸರು ಆರ್ತುರ್ ಬಾರ್ಚಿಶ್. ಹುಟ್ಟಿದ್ದು 1956ರಲ್ಲಿ. ಕಲಿತದ್ದು ವುಚ್ ಊರಿನ ಸಿನಿಮಾ ಶಾಲೆಯಲ್ಲಿ, ಕ್ಯೆಶ್ಲೋಫ್‌ಸ್ಕಿ ಕೂಡ ಅಲ್ಲಿಯವನೇ. ಇವರಿಬ್ಬರೂ 'ಡೆಕಲಾಗ್'ಗೆ ಮೊದಲೇ, 1985ರ 'ಅಂತ್ಯವಿಲ್ಲ' ಅನ್ನುವ ಅರ್ಥದ ಹೆಸರಿನ ಚಿತ್ರದಲ್ಲಿ ಕೆಲಸ ಮಾಡಿದ್ದರು. ಅದರಲ್ಲಿ ಬಾರ್ಚಿಶ್ ಮುಷ್ಕರ ಮಾಡಿ ಜೈಲು ಸೇರಿದ ಕಾರ್ಮಿಕ. ಮಾತಿತ್ತು, ಹೆಸರಿತ್ತು, ಕಥೆಯಲ್ಲಿ ತೂಕವೂ ಇತ್ತು. ಅಂಥವನನ್ನು ಮತ್ತೆ ಕರೆದು, 'ಬಾ, ಹತ್ತು ಸಿನಿಮಾ ಮಾಡ್ತಿದ್ದೀನಿ, ನಿನಗೆ ಒಂದರಲ್ಲೂ ಮಾತಿಲ್ಲ' ಅಂದರೆ ಹೇಗಿರುತ್ತೆ ಯೋಚಿಸಿ. ನಾನಾಗಿದ್ದರೆ ಮನೆಗೆ ಬಂದು ಎರಡು ದಿನ ಮುಖ ಊದಿಸಿಕೊಂಡಿರುತ್ತಿದ್ದೆ.

ಕೆಲಸವಾದರೂ ಎಂಥದು! ನಾಲ್ಕನೇ ಕಥೆಯಲ್ಲಿ ಒಬ್ಬ ಹುಡುಗಿ, ತೆರೆಯಬಾರದ ಕಾಗದವೊಂದನ್ನು ಕೈಯಲ್ಲಿ ಹಿಡಿದು ನದಿಯ ಹತ್ತಿರ ಕೂತಿದ್ದಾಳೆ. ಕತ್ತರಿಯೂ ಇದೆ. ಇನ್ನೇನು ಕತ್ತರಿಸಬೇಕು, ಆಗ ಇವನು ಉದ್ದನೆಯ ಒಂದು ಬಿಳಿ ದೋಣಿಯನ್ನು ಹೊತ್ತುಕೊಂಡು ನದಿ ಕಡೆಯಿಂದ ಬರುತ್ತಾನೆ. ಅವಳನ್ನು ನೋಡುತ್ತಾನೆ. ಹೋಗುತ್ತಾನೆ. ಅಷ್ಟೇ. ಅವಳು ಕಾಗದವನ್ನು ಕತ್ತರಿಸುವುದಿಲ್ಲ.

"ಆ ದೋಣಿ ಎಲ್ಲಿಗೆ ತಗೊಂಡು ಹೋದ?" ಅಂತ ಹೆಂಡತಿ ಕೇಳಿದಳು. ನನಗೇನು ಗೊತ್ತು? ಸಾಯಂಕಾಲ ಮನೆಗೆ ಹೋದ ಬಾರ್ಚಿಶ್‌ನನ್ನು ಅವನ ಮನೆಯವರೂ ಏನೋ ಕೇಳಿರುತ್ತಾರೆ ಅಲ್ವಾ? ಇವತ್ತು ಶೂಟಿಂಗ್ ಹೇಗಾಯ್ತು? ದೋಣಿ ಹೊತ್ತೆ. ಆಮೇಲೆ? ಒಂದು ಹುಡುಗೀನ ನೋಡಿದೆ. ಆಮೇಲೆ? ಮತ್ತೆ ದೋಣಿ ಹೊತ್ತೆ, ಮೊದಲನೇ ಟೇಕ್ ಸರಿ ಬರಲಿಲ್ಲ.

ಐದನೆಯದರಲ್ಲಿ ಅವನು ರಸ್ತೆ ಕೆಲಸದವನು. ಕೈಯಲ್ಲಿ ಪಟ್ಟೆ ಪಟ್ಟೆಯ ಅಳತೆಯ ಕೋಲು. ಟ್ಯಾಕ್ಸಿಯೊಂದು ಬಂದು ನಿಲ್ಲುತ್ತದೆ. ಹಿಂದಿನ ಸೀಟಿನಲ್ಲಿ ಕೂತ ಹುಡುಗನ ಚೀಲದಲ್ಲಿ ಹಗ್ಗವಿದೆ, ಇನ್ನು ಸ್ವಲ್ಪ ಹೊತ್ತಿನಲ್ಲಿ ಡ್ರೈವರನನ್ನು ಕೊಲ್ಲುವವನು ಅವನು. ಕೋಲು ಹಿಡಿದವನು ಹುಡುಗನನ್ನು ನೋಡಿ ತಲೆ ಆಡಿಸುತ್ತಾನೆ. ಬೇಡ ಅನ್ನುವಂತೆ, ಇಷ್ಟೇ ಇಷ್ಟು. ಹುಡುಗ ಸೀಟಿನಲ್ಲಿ ಹಿಂದಕ್ಕೆ ಸರಿಯುತ್ತಾನೆ, ಮುಖ ನೆರಳಿಗೆ ಹೋಗುತ್ತದೆ, ಟ್ಯಾಕ್ಸಿ ಮುಂದಕ್ಕೆ ಹೋಗುತ್ತದೆ. ನಾನು ಆ ತಲೆ ಆಡಿಸುವುದನ್ನು ನಾಲ್ಕೈದು ಸಲ ಹಿಂದಕ್ಕೆ ಓಡಿಸಿ ನೋಡಿದೆ. ಸ್ವಲ್ಪ ಜಾಸ್ತಿ ಆಡಿಸಿದ್ದರೆ ಅದು ಬುದ್ಧಿವಾದವಾಗುತ್ತಿತ್ತು, ಸ್ವಲ್ಪ ಕಡಿಮೆಯಾಗಿದ್ದರೆ ಕುತ್ತಿಗೆ ನೋವು ಅಂದುಕೊಳ್ಳುತ್ತಿದ್ದೆವು. ಅದೇ ಹುಡುಗನನ್ನು ಕೊನೆಗೆ ಗಲ್ಲಿಗೇರಿಸುವ ದಿನ ಜೈಲಿನಲ್ಲಿ ಇವನೇ ಏಣಿ ಹೊತ್ತು ಹೋಗುತ್ತಿರುತ್ತಾನೆ. ಆ ರಾತ್ರಿ ಇಬ್ಬರೂ "ಬಂದ" ಅನ್ನಲಿಲ್ಲ.

ಗಮನಿಸಿದಿರಾ, ಬಹಳ ಸಲ ಕೈ ಖಾಲಿ ಇಲ್ಲ. ದೋಣಿ, ಕೋಲು, ಏಣಿ, ಆರನೆಯದರಲ್ಲಿ ಚೀಲಗಳು, ಒಂಬತ್ತನೆಯದರಲ್ಲಿ ಸೈಕಲ್ಲು. ಇದು ಚಿಕ್ಕ ಪಾತ್ರದ ಕಸುಬು ಅಂತ ನನ್ನ ಊಹೆ. ಹೀರೋ ಕೈಬೀಸಿಕೊಂಡು ಬಂದರೂ ನಡೆಯುತ್ತೆ, ಅವನು ಯಾಕೆ ಬಂದ ಅಂತ ಹೇಳಲು ಒಂದು ಇಡೀ ಕಥೆಯೇ ಇರುತ್ತದೆ. ಇಪ್ಪತ್ತು ಸೆಕೆಂಡಿಗೆ ಬರುವವನ ಹತ್ತಿರ ಕಥೆ ಇಲ್ಲ, ಸಾಮಾನು ಇರಬೇಕು. ಸಾಮಾನು ಹೊತ್ತವನನ್ನು ಯಾರೂ 'ಏನ್ ನೋಡ್ತಿದ್ದೀಯ' ಅಂತ ಕೇಳುವುದಿಲ್ಲ.

ಈ ಮನುಷ್ಯ ಸಿನಿಮಾದೊಳಗೆ ಬಂದದ್ದೂ ಒಂದು ತಮಾಷೆಯ ದಾರಿಯಲ್ಲಿ. ಕಥೆಗಳಲ್ಲಿ ಏನೋ ಒಂದು ಕಡಿಮೆ ಇದೆ ಅಂತ ಚಿತ್ರ ತಯಾರಿಸಿದ ಘಟಕದ ಸಾಹಿತ್ಯ ವಿಭಾಗದ ಮುಖ್ಯಸ್ಥ ವಿತೋಲ್ದ್ ಜಾಲೆಫ್‌ಸ್ಕಿಗೆ ಅನ್ನಿಸುತ್ತಿತ್ತಂತೆ. ಏನು ಅಂತ ಕೇಳಿದರೆ ಗೊತ್ತಿಲ್ಲ. ಕೊನೆಗೆ ಅವನು ಒಂದು ಪ್ರಸಂಗ ಹೇಳಿದ. ವಿಲ್ಹೆಲ್ಮ್ ಮಾಖ್ ಅಂತ ಒಬ್ಬ ಲೇಖಕರಿದ್ದರು. ಒಂದು ಚಿತ್ರದ ಖಾಸಗಿ ಪ್ರದರ್ಶನ ಮುಗಿದ ಮೇಲೆ ಅವರು, ಸ್ಮಶಾನದ ದೃಶ್ಯದಲ್ಲಿ ಕಪ್ಪು ಸೂಟಿನವನು ಬಂದನಲ್ಲ, ಅದು ತುಂಬ ಹಿಡಿಸಿತು ಅಂದರು. ನಿರ್ದೇಶಕನಿಗೆ ಗಾಬರಿ. ಕಪ್ಪು ಸೂಟಿನವನು ಯಾರೂ ಇರಲಿಲ್ಲವಲ್ಲ! ಮಾಖ್ ಬಿಡಲಿಲ್ಲ, ಎಡಗಡೆ ನಿಂತಿದ್ದ, ಆಮೇಲೆ ನಡೆದುಕೊಂಡು ಹೋದ ಅಂತ ವಿವರ ಕೊಟ್ಟರು. ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ಇದನ್ನು ಕೇಳಿದ ಮೇಲೆ ಕ್ಯೆಶ್ಲೋಫ್‌ಸ್ಕಿಗೆ ಕಡಿಮೆ ಇದ್ದದ್ದೇನು ಅಂತ ತಿಳಿಯಿತು. ಎಲ್ಲರ ಕಣ್ಣಿಗೂ ಬೀಳದ ಒಬ್ಬ.

ಇವನು ದೇವದೂತ, ಇಲ್ಲ ಯಮ, ಇಲ್ಲ ಸಾಕ್ಷಾತ್ ದೇವರೇ ಅಂತ ಚರ್ಚೆ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ನಿರ್ದೇಶಕ ಹೇಳಿದ್ದು ಬಹಳ ಸಾದಾ. ಅವನಿಂದ ಏನೂ ಬದಲಾಗುವುದಿಲ್ಲ, ಬಂದು ನಮ್ಮನ್ನು ನೋಡುತ್ತಾನೆ, ನಮ್ಮ ಬಗ್ಗೆ ಅವನಿಗೇನೂ ಅಂಥ ಸಂತೋಷವಿಲ್ಲ. ನನ್ನ ಹೆಂಡತಿಯದು ಇನ್ನೂ ಸಾದಾ. "ಅದೇ ಬಿಲ್ಡಿಂಗ್‌ನೋನು ಇರ್ಬೇಕು ಬಿಡಿ. ನಮ್ಮಲ್ಲಿ ಮೂರನೇ ಮಹಡಿಯವರು ಇಲ್ವಾ, ಯಾವಾಗ ಲಿಫ್ಟ್ ಬಾಗಿಲು ತೆಗೆದರೂ ನಿಂತಿರ್ತಾರೆ." ಬೇರೆ ಬೇರೆ ನೌಕರಿ ಹೇಗೆ ಅಂತ ನಾನು ಕೇಳಿದ್ದಕ್ಕೆ, "ಒಂದು ಕಡೆ ನಿಲ್ಲೋ ಮನುಷ್ಯ ಅಲ್ಲ" ಅಂದಳು.

ಹತ್ತು ಚಿತ್ರಕ್ಕೆ ಒಂಬತ್ತು ಜನ ಕ್ಯಾಮೆರಾಮನ್‌ಗಳು, ಒಬ್ಬ ಮಾತ್ರ ಎರಡು ಮಾಡಿದ್ದಾನೆ. ಒಬ್ಬನ ಬೆಳಕಿನಲ್ಲಿ ಬಾರ್ಚಿಶ್ ಮೆತ್ತಗೆ ಕಾಣುತ್ತಾನೆ, ಇನ್ನೊಬ್ಬನ ಹಸಿರು ಫಿಲ್ಟರಿನಲ್ಲಿ ರೋಗ ಬಂದವನ ಹಾಗೆ. ಆದರೂ ಆ ಕಣ್ಣು ಗುರುತು ಸಿಗುತ್ತದೆ.

ಏಳನೇ ರಾತ್ರಿ ಅವನು ಬರಲಿಲ್ಲ. ಅವಳು ಕೊನೆಯ ತನಕ ಕಾದಳು. ಪಾತ್ರೆ ಬದಿಗಿಟ್ಟು ಕಾದಳು. ರೈಲ್ವೆ ಸ್ಟೇಷನ್ನಿನ ದೃಶ್ಯದಲ್ಲಿ ಬಂದೇ ಬರುತ್ತಾನೆ ಅಂತ ಇಬ್ಬರಿಗೂ ಖಾತ್ರಿಯಿತ್ತು. ಇಲ್ಲ. ಸಿನಿಮಾ ಮುಗಿಯಿತು, ಅವಳಿಗೆ ಸಿಟ್ಟು ಬಂತು, ನಾನೇ ಅವನನ್ನು ಎಲ್ಲೋ ತಪ್ಪಿಸಿದೆ ಅನ್ನುವ ಹಾಗೆ ನನ್ನ ಕಡೆ ನೋಡಿದಳು. ಮತ್ತೆ ಎಂಟರಲ್ಲಿ ವಿದ್ಯಾರ್ಥಿಯಾಗಿ ಕ್ಲಾಸಿನಲ್ಲಿ ಕೂತಿದ್ದ, ಒಂಬತ್ತರಲ್ಲಿ ಸೈಕಲ್ ತುಳಿದ, ಹತ್ತರಲ್ಲಿ ಮತ್ತೆ ನಾಪತ್ತೆ. ಹುಡುಕಿದಾಗ ಕಾರಣ ಸಿಕ್ಕಿತು. ಏಳಕ್ಕೆ ಅವನನ್ನು ಚಿತ್ರೀಕರಿಸಿದ್ದರು, ಸರಿಯಾಗಿ ಬರಲಿಲ್ಲ, ಕತ್ತರಿಸಬೇಕಾಯಿತು. ಹತ್ತನೆಯದು ಹಾಸ್ಯದ ಕಥೆ. ಸ್ಟಾಂಪಿಗಾಗಿ ಕಿಡ್ನಿ ಮಾರುವ ಅಣ್ಣತಮ್ಮಂದಿರ ನಡುವೆ ಇಂಥವನು ಯಾಕೆ ಅಂತ ನಿರ್ದೇಶಕನೇ ಬಿಟ್ಟುಬಿಟ್ಟ. ಎಷ್ಟು ದೊಡ್ಡ ದೊಡ್ಡ ವ್ಯಾಖ್ಯಾನ ಮಾಡಬಹುದಿತ್ತು ನೋಡಿ, ದೇವರು ಏಳನೇ ದಿನ ವಿಶ್ರಾಂತಿ ತೆಗೆದುಕೊಂಡ ಅಂತ. ಕಾರಣ ಮಾತ್ರ ಒಂದು ಕೆಟ್ಟ ಶಾಟು.

ಪೋಲೆಂಡಿನಲ್ಲಿ ಇಂಥ ಚಿಕ್ಕ ಪಾತ್ರದವರಿಗೆ ಒಂದು ವಿಶೇಷ ಮರ್ಯಾದೆ ಇರುವಂತಿದೆ. ಯಾನ್ ಹಿಮಿಲ್ಸ್‌ಬಾಖ್ ಅಂತ ಒಬ್ಬನಿದ್ದ. ಸಮಾಧಿಯ ಕಲ್ಲು ಕೆತ್ತುತ್ತಿದ್ದವನು, ಕಥೆ ಬರೆಯುತ್ತಿದ್ದವನು, ಗೊಗ್ಗರು ದನಿ. 1970ರಲ್ಲಿ ನದಿಯ ಮೇಲೆ ಹೋಗುವ ಹಡಗಿನ ಕಥೆಯೊಂದರಲ್ಲಿ ನಟಿಸಿದ, ಜನ ಇವತ್ತಿಗೂ ಅವನ ಹೆಸರು ಹೇಳುತ್ತಾರೆ. ಅವನ ಬಗ್ಗೆ ಒಂದು ಕಥೆ ಚಾಲ್ತಿಯಲ್ಲಿದೆ. ವಿದೇಶದ ಸಿನಿಮಾದಲ್ಲಿ ಪಾತ್ರ ಬಂತಂತೆ, ಆದರೆ ಇಂಗ್ಲಿಷ್ ಕಲಿಯಬೇಕು. ಇವನು ಒಲ್ಲೆ ಅಂದ. ಯಾಕೆ? ನಾನು ಕಲಿತ ಮೇಲೆ ಅವರು ಸಿನಿಮಾ ಕೈಬಿಟ್ಟರೆ, ಈ ಇಂಗ್ಲಿಷ್ ಇಟ್ಟುಕೊಂಡು ಪೆದ್ದನ ಹಾಗೆ ಕೂರಬೇಕಲ್ಲ!

ಇನ್ನು ಬಾರ್ಚಿಶ್ ಏನಾದ? ಇಲ್ಲಿದೆ ಮಜಾ. ಹೊರಗಿನ ನಮ್ಮಂಥವರಿಗೆ ಅವನು ಮಾತಿಲ್ಲದವನು. ಪೋಲೆಂಡಿನ ಮನೆಮನೆಯಲ್ಲಿ ಅವನು ಬಾಯಿ ನಿಲ್ಲದವನು. 1998ರಿಂದ 2003ರ ತನಕ 'ಮ್ಯೊದೊವೆ ಲಾತಾ' ಅಂತ ಒಂದು ನಗೆ ಧಾರಾವಾಹಿ ಬಂತು, ಹಳೆಯ ಅಮೆರಿಕನ್ ಧಾರಾವಾಹಿಯೊಂದರ ಪೋಲಿಷ್ ರೂಪ. ಅದರಲ್ಲಿ ಇವನು ನೊರೆಕ್, ಚರಂಡಿಗೆ ಇಳಿದು ಕೆಲಸ ಮಾಡುವವನು. ಜೊತೆಗಾರ ತ್ಸೆಜಾರಿ ಝಾಕ್‌ನ ಪಾತ್ರ ಏನು ಗೊತ್ತಾ? ಟ್ರಾಮ್ ಡ್ರೈವರ್! ಹತ್ತು ವರ್ಷದ ಹಿಂದೆ ತಾನು ಒಂದು ಮಾತಾಡದೆ ಓಡಿಸಿದ ಟ್ರಾಮನ್ನು ಗೆಳೆಯನಿಗೆ ಬಿಟ್ಟುಕೊಟ್ಟು ಇವನು ನೆಲದಡಿಗೆ ಹೋದ ಹಾಗಾಯಿತು. ಆಮೇಲೆ 2006ರಿಂದ 2016ರ ತನಕ 'ರಾಂಚೊ' ಅನ್ನುವ ಹಳ್ಳಿಯ ಧಾರಾವಾಹಿಯಲ್ಲಿ ಚೆರೆಪಾಖ್ ಆದ. ಪಂಚಾಯಿತಿ ಆಫೀಸಿನಲ್ಲಿ ಕೂತು ಫಿತೂರಿ ಹೂಡುವ, ಎದುರಿಗೆ ಬಾಗಿ ಹಿಂದೆ ಗುಂಡಿ ತೋಡುವ ಆಸಾಮಿ. ಅಲ್ಲಿನವರು ದಾರಿಯಲ್ಲಿ ಕಂಡರೆ ಕೂಗುವುದು ನೊರೆಕ್ ಅಂತಲೋ ಚೆರೆಪಾಖ್ ಅಂತಲೋ ಇರಬೇಕು. ದೋಣಿ ಹೊತ್ತವನಿಗೆ ಕೂಗಿ ಕರೆಯಲು ಹೆಸರೇ ಇರಲಿಲ್ಲವಲ್ಲ.

ಮೊನ್ನೆ ಆ ನಗೆ ಧಾರಾವಾಹಿಯ ಒಂದು ತುಣುಕು ಸಿಕ್ಕಿತು. ಸಬ್‌ಟೈಟಲ್ ಇರಲಿಲ್ಲ. ಅಡುಗೆಮನೆಗೆ ಹೋಗಿ ಅವಳಿಗೆ ಫೋನಿನಲ್ಲಿ ತೋರಿಸಿದೆ. ಅವರೆಕಾಯಿ ಕಾಲ ಮುಗಿದಿತ್ತು, ಅವಳು ಸೊಪ್ಪು ಬಿಡಿಸುತ್ತಿದ್ದಳು. ವಯಸ್ಸಾಗಿದೆ, ಕೈ ಬೀಸಿ ಬೀಸಿ ಏನೋ ಹೇಳುತ್ತಿದ್ದಾನೆ, ಪ್ರೇಕ್ಷಕರು ಗೊಳ್ಳೆಂದು ನಗುತ್ತಿದ್ದಾರೆ. ನಮಗಿಬ್ಬರಿಗೂ ಒಂದು ಪದ ತಿಳಿಯಲಿಲ್ಲ. ಅವಳು ಫೋನನ್ನು ಕಣ್ಣಿನ ಹತ್ತಿರ ಹಿಡಿದು ಸ್ವಲ್ಪ ಹೊತ್ತು ಅವನ ಮುಖವನ್ನೇ ನೋಡಿದಳು.

"ಅಯ್ಯೋ, ಇವನಿಗೆ ಮಾತು ಬರುತ್ತಾ?" ಅಂದಳು. ಆಮೇಲೆ, "ಮಾತು ಬರೋ ಹಾಗಿದ್ರೆ ಆ ದೋಣಿ ಎಲ್ಲಿಗೆ ತಗೊಂಡು ಹೋದ ಅಂತ ಅವನನ್ನೇ ಕೇಳಬಹುದಿತ್ತು."